ಲೌದಾತೊ ಸಿ ಅಥವಾ ಕೆರಿದಾ ಅಮಜೋನಿಯ: ಮೊದಲು ಯಾವುದು?

ಪರಿಸರ ಮತ್ತು ಆದಿವಾಸಿಗಳ ಬಗ್ಗೆ ಕ್ಯಾಥೊಲಿಕ್ ನಿಲುವನ್ನು ಮೂಲದಲ್ಲೇ ಓದಬಯಸುವವರ ಮುಂದೆ ಪೋಪ್ ಫ್ರಾನ್ಸಿಸ್ ಅವರ ಎರಡು ಬರಹಗಳಿವೆ.

2015ರ ‘ಲೌದಾತೊ ಸಿ’ ಇಡೀ ಜಗತ್ತನ್ನು ಉದ್ದೇಶಿಸಿದ ವಿಶ್ವಪತ್ರ, ಅಂದರೆ ಪೋಪ್ ಹೊರಡಿಸುವ ಬೋಧನಾ ಪತ್ರ. ಆರು ಅಧ್ಯಾಯ, 246 ಪರಿಚ್ಛೇದ. ಹವಾಮಾನ, ನೀರು, ತಂತ್ರಜ್ಞಾನದ ದರ್ಪ, ಬಡವರ ಪಾಡು ಎಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸುತ್ತದೆ. ವಾದ ಗಟ್ಟಿಯಾಗಿದೆ, ಆದರೆ ಓದು ನಿಧಾನ. ಆದಿವಾಸಿಗಳಿಗೆ ಸಿಕ್ಕಿರುವ ಜಾಗವೂ ಕಡಿಮೆ: ಅವರ ನೆಲದಲ್ಲಿ ದೊಡ್ಡ ಯೋಜನೆ ಬರುವಾಗ ಅವರೇ ಮುಖ್ಯ ಸಂವಾದಿಗಳಾಗಬೇಕು ಎಂಬ ಮಹತ್ವದ ಮಾತು 146ನೇ ಪರಿಚ್ಛೇದದಲ್ಲಿದೆ.

2020ರ ‘ಕೆರಿದಾ ಅಮಜೋನಿಯ’ ಹಿಂದಿನ ವರ್ಷ ರೋಮಿನಲ್ಲಿ ನಡೆದ ಅಮೆಜಾನ್ ಕುರಿತ ಸಿನೊಡ್‌ನ (ಬಿಷಪ್‌ಗಳ ಸಮಾವೇಶದ) ಫಲ. 111 ಪರಿಚ್ಛೇದಗಳಷ್ಟೇ, ಸಾಮಾಜಿಕ, ಸಾಂಸ್ಕೃತಿಕ, ಪರಿಸರ, ಧರ್ಮಸಭೆ (ಚರ್ಚ್) ಎಂಬ ನಾಲ್ಕು ಕನಸುಗಳು. ನಡುನಡುವೆ ಕವಿತೆಗಳ ಸಾಲುಗಳೂ ಇವೆ, ವ್ಯಾಟಿಕನ್ ದಾಖಲೆಗೆ ಇದು ಅಪರೂಪ! ಮೂಲನಿವಾಸಿಗಳ ಭೂಹಕ್ಕನ್ನು ತುಳಿಯುವ ವ್ಯವಹಾರಗಳನ್ನು ಅದು ನೇರವಾಗಿ ಅನ್ಯಾಯ, ಅಪರಾಧ ಎನ್ನುತ್ತದೆ. ಧರ್ಮಸಭೆಯೇ ಎಸಗಿದ ತಪ್ಪುಗಳಿಗೆ, ಅಮೆರಿಕವನ್ನು ವಶಪಡಿಸಿಕೊಂಡ ಕಾಲದಲ್ಲಿ ಮೂಲನಿವಾಸಿಗಳ ಮೇಲೆ ನಡೆದ ಅಪರಾಧಗಳಿಗೆ ಕ್ಷಮೆಯನ್ನೂ ಕೇಳುತ್ತದೆ. ಕೊನೆಯ ಭಾಗ ಮಾತ್ರ ಧರ್ಮಸಭೆಯ ಒಳಗಿನ ವಿಚಾರ, ಹೊರಗಿನವರು ಅದನ್ನು ದಾಟಬಹುದು.

ಆದಿವಾಸಿ ಹಕ್ಕುಗಳೇ ನಿಮ್ಮ ಆಸಕ್ತಿಯಾದರೆ ಎರಡನೆಯದರಿಂದ ಆರಂಭಿಸಿ. ಅದರ ಹಿಂದಿರುವ ಆರ್ಥಿಕ ವಿಮರ್ಶೆ ಬೇಕಿದ್ದರೆ ‘ಲೌದಾತೊ ಸಿ’ಗೆ ಬದಲಿಯಿಲ್ಲ.