ಪ್ರೇರೀ ಮೂನ್ ನರ್ಸರಿಯ ಬೀಜ: ಹಿಮದಲ್ಲಿ ಬಿತ್ತುವವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ

ಪ್ರೇರೀ ಮೂನ್ ನರ್ಸರಿಯಿಂದ ಹೂವಿನ ಬೀಜ ತರಿಸಬಹುದಾ, ಅಷ್ಟು ದುಡ್ಡು ಕೊಡೋದು ಸರಿನಾ ಅಂತ ಇಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಕನ್ನಡದ ಗೆಳತಿಯರು ಕೇಳುತ್ತಿರುತ್ತಾರೆ. ಒಂದು ಚಿಟಿಕೆ ಬೀಜಕ್ಕೆ ಮೂರು ನಾಲ್ಕು ಡಾಲರ್ ಅಂದರೆ ಯಾರಾದರೂ ಯೋಚನೆ ಮಾಡುತ್ತಾರೆ. ದೊಡ್ಡ ಅಂಗಡಿಗಳಲ್ಲಿ ಅದಕ್ಕಿಂತ ಕಡಿಮೆಗೆ ಬಣ್ಣದ ಚಿತ್ರದ ಪ್ಯಾಕೆಟ್ ಸಿಗುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಿನ್ನೆಸೋಟದಂಥ ಚಳಿ ಸೀಮೆಯಲ್ಲಿ, ವರ್ಷ ವರ್ಷ ತಾನಾಗಿ ಚಿಗುರಿ ಬರುವ ಹೂದೋಟ ಬೇಕು ಅನ್ನುವವರು ಧಾರಾಳವಾಗಿ ದುಡ್ಡು ಹಾಕಬೇಕಾದ್ದು ಒಳ್ಳೆಯ ಬೀಜಕ್ಕೆ. ಮಿಕ್ಕಿದ್ದರಲ್ಲಿ ಅರ್ಧ ಅಕ್ಕಪಕ್ಕದವರ ಹತ್ತಿರ ಬಿಟ್ಟಿ ಸಿಗುತ್ತದೆ, ಇನ್ನರ್ಧ ಚಳಿಗಾಲವೇ ಮಾಡಿಕೊಡುತ್ತದೆ.

ಈ ನರ್ಸರಿ ಇರುವುದು ನಮ್ಮ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಮಿಸಿಸಿಪ್ಪಿ ದಡದ ವಿನೋನಾ ಊರಿನ ಕಡೆ. 1982ರಿಂದ ಇದೇ ಕೆಲಸ ಮಾಡಿಕೊಂಡು ಬಂದಿದ್ದಾರೆ. ಟೊಮೆಟೊ, ಚೆಂಡುಹೂವು ಇಲ್ಲಿ ಸಿಗುವುದಿಲ್ಲ. ಈ ನೆಲದ್ದೇ ಆದ ಕಾಡು ಹೂಗಳು, ಹುಲ್ಲುಗಳು, ಪೊದೆಗಳು ಮಾತ್ರ. ಬೀಜ ಅಂಚೆಯಲ್ಲಿ ಮನೆಗೆ ಬರುತ್ತದೆ. ಕ್ಯಾಟಲಾಗ್ ಕೇಳಿದರೆ ಪುಕ್ಕಟೆ ಕಳಿಸುತ್ತಾರೆ. ಆ ಕ್ಯಾಟಲಾಗ್ ನಮ್ಮ ಅಡುಗೆಮನೆ ಶೆಲ್ಫಿನಲ್ಲೇ ಇರುತ್ತದೆ, ಸಾರು ಕುದಿಯುವಾಗ ತಿರುವಿ ಹಾಕಲಿಕ್ಕೆ. ಗಿಡ ಎಷ್ಟು ಎತ್ತರ ಬರುತ್ತದೆ, ಎಷ್ಟು ಬಿಸಿಲು ಬೇಕು, ಒದ್ದೆ ನೆಲವೋ ಒಣ ನೆಲವೋ, ಯಾವ ತಿಂಗಳು ಹೂ ಬಿಡುತ್ತದೆ, ಒಂದು ಔನ್ಸ್‌ಗೆ ಎಷ್ಟು ಬೀಜ ಅನ್ನೋದೆಲ್ಲ ಅದರಲ್ಲಿದೆ. ಇದೆಲ್ಲಕ್ಕಿಂತ ಮುಖ್ಯ, ಪ್ರತಿ ಗಿಡದ ಮುಂದೆ ಒಂದು ಸಣ್ಣ ಕೋಡ್ ಇರುತ್ತದೆ.

ನಾನು ದುಡ್ಡು ಕೊಡುವುದು ಆ ಕೋಡ್‌ಗೆ ಅಂದರೂ ತಪ್ಪಿಲ್ಲ. ‘ಎ’ ಅಂತ ಇದ್ದರೆ ಬೀಜಕ್ಕೆ ಯಾವ ಉಪಚಾರವೂ ಬೇಡ, ಬಿತ್ತಿದರೆ ಹುಟ್ಟುತ್ತದೆ. ‘ಸಿ 30’ ಅಂದರೆ ಮೂವತ್ತು ದಿನ ಒದ್ದೆ ಚಳಿಯಲ್ಲಿ ಇರಬೇಕು. ‘ಸಿ 60’ ಅಂದರೆ ಅರವತ್ತು ದಿನ. ‘ಡಿ’ ಅಂದರೆ ಬೀಜಕ್ಕೆ ಬೆಳಕು ಬೇಕು, ಮಣ್ಣು ಮುಚ್ಚಬಾರದು. ‘ಎಚ್’ ಅಂದರೆ ಸಿಪ್ಪೆ ಗಟ್ಟಿ, ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಬೇಕು. ಬೀ ಬಾಮ್ ಅನ್ನುವ ಹೂಗಿಡ ‘ಎ’. ಕಿತ್ತಳೆ ಹೂವಿನ ಮಿಲ್ಕ್‌ವೀಡ್ ‘ಸಿ 30’. ಬ್ಲೇಜಿಂಗ್ ಸ್ಟಾರ್ ‘ಸಿ 60’. ಕೆಂಪು ಕಾರ್ಡಿನಲ್ ಫ್ಲವರ್‌ಗೆ ‘ಸಿ 60’ ಜೊತೆಗೆ ‘ಡಿ’ ಕೂಡ. ಅಗ್ಗದ ಪ್ಯಾಕೆಟ್‌ಗಳ ಹಿಂದೆ ನಾನು ನೋಡಿದ ಹಾಗೆ ‘ವಸಂತದಲ್ಲಿ ಕಾಲು ಇಂಚು ಆಳಕ್ಕೆ ಬಿತ್ತಿ’ ಅಂತ ಒಂದೇ ಸಾಲು ಇರುತ್ತದೆ. ಅದನ್ನೇ ನಂಬಿ ಮೇ ತಿಂಗಳಲ್ಲಿ ಬಿತ್ತಿದವರು ಎಷ್ಟೋ ಜನ. ಮೊಳಕೆ ಬರಲಿಲ್ಲ, ನನ್ನ ಕೈಗುಣವೇ ಸರಿಯಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಕೈಗುಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಬೀಜಕ್ಕೆ ಚಳಿ ತಾಗಿಲ್ಲ, ಅಷ್ಟೇ.

ಈ ನೆಲದ ಬೀಜಗಳು ಶರತ್ಕಾಲದಲ್ಲಿ ಉದುರುತ್ತವೆ. ಉದುರಿದ ಕೂಡಲೇ ಮೊಳೆತರೆ ನವೆಂಬರ್ ಹಿಮದಲ್ಲಿ ಸತ್ತುಹೋಗುತ್ತವೆ. ಅದಕ್ಕೇ ಅವುಗಳಲ್ಲಿ ಎಷ್ಟೋ ಬೀಜಗಳು ಒಳಗಿಂದ ಬೀಗ ಹಾಕಿಕೊಂಡಿರುತ್ತವೆ. ನೀರು ಕುಡಿದು, ವಾರಗಟ್ಟಲೆ ಚಳಿಯಲ್ಲಿ ಕೂತ ಮೇಲೆ ಮಾತ್ರ ಬೀಗ ತೆರೆಯುತ್ತದೆ. ಒಣ ಪ್ಯಾಕೆಟನ್ನು ಸುಮ್ನೆ ಫ್ರಿಜ್‌ನಲ್ಲಿ ಇಟ್ಟರೆ ಆಗುವುದಿಲ್ಲ. ಒದ್ದೆಯೂ ಇರಬೇಕು, ಚಳಿಯೂ ಇರಬೇಕು. ಒದ್ದೆ ಮರಳಿನಲ್ಲಿ ಬೆರೆಸಿ ಫ್ರಿಜ್‌ನಲ್ಲಿ ಇಡುವವರಿದ್ದಾರೆ. ನಮ್ಮ ಫ್ರಿಜ್‌ನಲ್ಲಿ ದೋಸೆ ಹಿಟ್ಟಿಗೇ ಜಾಗ ಸಾಲುವುದಿಲ್ಲ. ಹೊರಗೆ ನಾಲ್ಕು ತಿಂಗಳು ಫ್ರಿಜ್‌ಗಿಂತ ಜಾಸ್ತಿ ಚಳಿ ಇರುವಾಗ ಅದನ್ನೇ ಯಾಕೆ ಬಳಸಿಕೊಳ್ಳಬಾರದು, ಅಲ್ವಾ?

ಅದಕ್ಕೆ ಇರುವ ಉಪಾಯವೇ ಇಲ್ಲಿ ಹಾಲು ಬರುವ ಪ್ಲಾಸ್ಟಿಕ್ ಕ್ಯಾನ್. ನ್ಯೂಯಾರ್ಕ್‌ನ ಲಾಂಗ್ ಐಲೆಂಡ್ ಕಡೆಯ ಟ್ರೂಡಿ ಡೇವಿಡಾಫ್ ಅನ್ನುವವರು ಈ ವಿಧಾನವನ್ನು ದೇಶದ ತುಂಬ ಹಬ್ಬಿಸಿದರು. ಒಂದು ಗ್ಯಾಲನ್ ಹಾಲಿನ ಖಾಲಿ ಕ್ಯಾನ್ ತೊಳೆದುಕೊಳ್ಳಿ. ಹಿಡಿಕೆಯ ಕೆಳಭಾಗಕ್ಕೆ ಸುತ್ತಲೂ ಕತ್ತರಿಸಿ, ಒಂದು ಕಡೆ ಮಾತ್ರ ಕತ್ತರಿಸದೆ ಬಿಡಿ. ಡಬ್ಬಿಯ ಮುಚ್ಚಳದ ಹಾಗೆ ತೆರೆಯಬೇಕು. ತಳದಲ್ಲಿ ಏಳೆಂಟು ತೂತು. ಮೂರು ನಾಲ್ಕು ಇಂಚು ಪಾಟಿಂಗ್ ಮಣ್ಣು ಹಾಕಿ ಚೆನ್ನಾಗಿ ನೆನೆಸಿ. ಹಿತ್ತಲ ಮಣ್ಣು ಬೇಡ, ಅದು ಹೆಪ್ಪುಗಟ್ಟಿ ಇಟ್ಟಿಗೆಯಾಗುತ್ತದೆ, ಕಳೆ ಬೀಜವೂ ಇರುತ್ತದೆ. ಬಿತ್ತಿ, ಡಕ್ಟ್ ಟೇಪ್ ಸುತ್ತಿ, ಕ್ಯಾನ್ ಬಾಯಿಯ ಸಣ್ಣ ಮುಚ್ಚಳ ತೆಗೆದು ಬಿಸಾಡಿ, ಹೊರಗಿಡಿ. ಆ ಬಾಯಿಂದ ಒಳಗೆ ಹಿಮ ಬೀಳುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಮೈನಸ್ ಇಪ್ಪತ್ತೈದು ಡಿಗ್ರಿ ಬಂದರೂ ಬೀಜಕ್ಕೆ ಏನೂ ಆಗುವುದಿಲ್ಲ. ‘ಸಿ 60’ ಇರುವುದನ್ನು ಜನವರಿ ಮುಗಿಯುವುದರೊಳಗೆ ಹೊರಗಿಟ್ಟುಬಿಡಬೇಕು. ‘ಸಿ 30’ ಫೆಬ್ರವರಿವರೆಗೂ ಆಗುತ್ತದೆ. ‘ಎ’ ಮಾರ್ಚ್‌ಗೂ ಸರಿ.

ಹಾಲಿನ ಕ್ಯಾನನ್ನೇ ಒಂದು ವಸ್ತುವಾಗಿ ನೋಡಿ ಅಂಕ ಕೊಡಿ ಅಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಬಿಳಿ ಮಂಜಿನಂತಿರುವ ಪ್ಲಾಸ್ಟಿಕ್ ಬೆಳಕು ಬಿಡುತ್ತದೆ, ಆದರೆ ಸುಡುವ ಬಿಸಿಲು ಬಿಡುವುದಿಲ್ಲ. ನೀರು ಬರುವ ಪೂರ್ತಿ ಪಾರದರ್ಶಕ ಕ್ಯಾನ್‌ಗಳು ಏಪ್ರಿಲ್ ಬಿಸಿಲಿಗೆ ಬೇಗ ಕಾಯುತ್ತವೆ. ಅಳಿಲಿನ ಕಾಟದಿಂದ ಬೀಜ ಉಳಿಯುತ್ತದೆ, ಜೋರು ಮಳೆಗೆ ಕೊಚ್ಚಿ ಹೋಗುವುದಿಲ್ಲ. ಒಂದು ಅಂಕ ಕಡಿಮೆ ಮಾಡಿದ್ದು ಯಾಕೆಂದರೆ ಏಪ್ರಿಲ್‌ನಲ್ಲಿ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು. ಹಗಲು ಹದಿನೈದು ಡಿಗ್ರಿ ದಾಟಿತು ಅಂದರೆ ಟೇಪ್ ಬಿಚ್ಚಿ ತೆರೆದಿಡಬೇಕು, ರಾತ್ರಿ ಮುಚ್ಚಬೇಕು. ಎತ್ತಿ ನೋಡಿದಾಗ ಹಗುರ ಅನ್ನಿಸಿದರೆ ನೀರು ಹಾಕಬೇಕು. ದಿನವಿಡೀ ಆಫೀಸಿನಲ್ಲಿ ಇರುವವರು ಕ್ಯಾನ್‌ಗಳನ್ನು ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಗೋಡೆ ಪಕ್ಕ ಇಟ್ಟರೆ ಸುಲಭ. ಹೆಸರನ್ನು ಮಾರ್ಕರ್‌ನಲ್ಲಿ ಕ್ಯಾನ್ ಹೊರಗೆ ಬರೆದರೆ ಬಿಸಿಲಿಗೆ ಮಾಸಿಹೋಗುತ್ತದೆ. ಪ್ಲಾಸ್ಟಿಕ್ ಪಟ್ಟಿ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಒಳಗೆ ಸಿಕ್ಕಿಸಿ.

ಬೀಜ ಎಷ್ಟು ಹುಟ್ಟಿತು ಅನ್ನೋದೇ ಎಲ್ಲರಿಗೂ ಬೇಕಾದ ಉತ್ತರ. ಬೀ ಬಾಮ್ ಮತ್ತು ಕೋನ್‌ಫ್ಲವರ್ ಹುಲ್ಲಿನ ಹಾಗೆ ಒತ್ತಾಗಿ ಹುಟ್ಟುತ್ತವೆ. ಸೋಂಪಿನ ಪರಿಮಳದ ಅನೈಸ್ ಹಿಸ್ಸಪ್ ಕೂಡ ಹಾಗೇ. ಬ್ಲೇಜಿಂಗ್ ಸ್ಟಾರ್ ಮೊದಲ ವರ್ಷ ಬರೀ ಹುಲ್ಲಿನ ಎಸಳು. ಇದೇನು ಕಳೆಯಾ ಅಂತ ಕಿತ್ತುಬಿಡಬೇಡಿ, ಅದು ಕೆಳಗೆ ಗೆಡ್ಡೆ ಕಟ್ಟುತ್ತಿರುತ್ತದೆ. ಕಾರ್ಡಿನಲ್ ಫ್ಲವರ್ ಬೀಜ ಧೂಳಿನಷ್ಟು ಸಣ್ಣದು, ಔನ್ಸ್‌ಗೆ ನಾಲ್ಕು ಲಕ್ಷ ಬರುತ್ತದೆ. ಕಿತ್ತಳೆ ಮಿಲ್ಕ್‌ವೀಡ್ ಆದರೆ ಔನ್ಸ್‌ಗೆ ಸುಮಾರು 4,300 ಮಾತ್ರ. ಹಾಗಾಗಿ ಒಂದು ಪ್ಯಾಕೆಟ್‌ನಲ್ಲಿ ತೋಟ ತುಂಬುವಷ್ಟು ಸಿಗುವುದೂ ಇದೆ, ಎಣಿಸಿ ಬಿತ್ತಬೇಕಾದ್ದೂ ಇದೆ. ಮಿಲ್ಕ್‌ವೀಡ್‌ನ ತಾಯಿಬೇರು ನೇರ ಕೆಳಗೆ ಇಳಿಯುತ್ತದೆ. ನಾಲ್ಕು ಎಲೆ ಬಂದ ಕೂಡಲೇ ನೆಲಕ್ಕೆ ಹಾಕಿಬಿಡಬೇಕು. ಹೂ ನೋಡಲು ಎರಡು ಮೂರು ವರ್ಷ ಕಾಯಬೇಕು. ಕಾಯುವುದಕ್ಕೆ ಆಗುವುದಿಲ್ಲ ಅನ್ನುವವರಿಗೆ ಈ ಬೀಜ ಸರಿಹೋಗುವುದಿಲ್ಲ. ಅಂಥವರು ಕುಂಡದಲ್ಲಿ ಬೆಳೆದ ಗಿಡ ಕೊಳ್ಳುವುದೇ ಒಳ್ಳೆಯದು. ಒಂದು ಗಿಡಕ್ಕೆ ಹತ್ತು ಡಾಲರ್ ಮೇಲಾಗುತ್ತದೆ, ಅದಕ್ಕೂ ತಯಾರಿರಬೇಕು.

ಮಿಲ್ಕ್‌ವೀಡ್ ನಮ್ಮ ಎಕ್ಕದ ಕುಟುಂಬದ್ದೇ. ಎಲೆ ಮುರಿದರೆ ಅದೇ ಬಿಳಿ ಹಾಲು. ಊರಿನಲ್ಲಿ ಎಕ್ಕದ ಎಲೆ ತಿಂದು ಚಿಟ್ಟೆಯ ಹುಳು ಬೆಳೆಯುವ ಹಾಗೆ, ಇಲ್ಲಿ ಮೊನಾರ್ಕ್ ಚಿಟ್ಟೆಯ ಹುಳು ಮಿಲ್ಕ್‌ವೀಡ್ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಮೆಕ್ಸಿಕೋದ ಬೆಟ್ಟಗಳಲ್ಲಿ ಚಳಿಗಾಲ ಕಳೆದ ಚಿಟ್ಟೆಗಳ ಮಕ್ಕಳು ಮೇ ತಿಂಗಳ ಹೊತ್ತಿಗೆ ಇಲ್ಲಿ ಮೊಟ್ಟೆ ಇಡಲು ಬರುತ್ತವೆ. ಆಗಸ್ಟ್‌ನಲ್ಲಿ ಮೆಡೋ ಬ್ಲೇಜಿಂಗ್ ಸ್ಟಾರ್ ಹೂ ಬಿಟ್ಟಾಗ ಒಂದೇ ದಂಟಿನ ಮೇಲೆ ಮೂರು ನಾಲ್ಕು ಮೊನಾರ್ಕ್ ಕೂತಿರುವುದನ್ನು ನೀವು ನೋಡಲೇಬೇಕು. ಒಂದೇ ಒಂದು ಪ್ಯಾಕೆಟ್ ಕೊಳ್ಳುತ್ತೇನೆ ಅನ್ನುವವರಿಗೆ ನಾನು ಹೇಳುವುದು ಈ ಮೆಡೋ ಬ್ಲೇಜಿಂಗ್ ಸ್ಟಾರನ್ನೇ.

ಇನ್ನು ಹಂಚಿಕೊಂಡ ಗಿಡಗಳ ವಿಷಯ. ನಾನು ಸಾಗರದ ಕಡೆಯವಳು. ಮಳೆ ಹಿಡಿಯುವ ಹೊತ್ತಿಗೆ ಡೇರೆ ಹೂವಿನ ಗೆಡ್ಡೆ, ದಾಸವಾಳದ ಕಡ್ಡಿ ಮನೆಯಿಂದ ಮನೆಗೆ ಓಡಾಡುವುದನ್ನು ನೋಡುತ್ತಾ ಬೆಳೆದವಳು. ಹೂವಿನ ಗಿಡಕ್ಕೆ ದುಡ್ಡು ಕೊಡುವುದು ಅಂದರೆ ನಮ್ಮ ಅಮ್ಮನಿಗೆ ಇವತ್ತಿಗೂ ಅರ್ಥವಾಗುವುದಿಲ್ಲ. ಇಲ್ಲಿಯೂ ಮೇ ತಿಂಗಳಲ್ಲಿ ಗಿಡ ವಿನಿಮಯ ನಡೆಯುತ್ತದೆ. ಗ್ರಂಥಾಲಯದ ಪಾರ್ಕಿಂಗ್‌ನಲ್ಲಿ, ಚರ್ಚ್ ಅಂಗಳದಲ್ಲಿ, ಯಾರದೋ ಗ್ಯಾರೇಜ್ ಮುಂದೆ. ಹೋಸ್ಟಾ, ಐರಿಸ್, ಡೇಲಿಲಿ, ಫ್ಲಾಕ್ಸ್ ಬುಡ ಒಡೆದು ತಂದಿರುತ್ತಾರೆ. ಐದಾರು ವರ್ಷ ಹಳೆಯ ಬುಡದ ತುಂಡು ಅದೇ ಬೇಸಿಗೆಯಲ್ಲಿ ಹೂ ಕೊಟ್ಟರೂ ಕೊಡಬಹುದು. ಬೀಜದಿಂದ ಆಗದ ಕೆಲಸ ಅದು. ಮೊದಲ ಎರಡು ವರ್ಷ ಬೀಜದ ಗಿಡಗಳು ಬೇರು ಬಿಡುತ್ತಿರುವಾಗ ತೋಟ ಬೋಳಾಗಿ ಕಾಣದಂತೆ ಕಾಪಾಡುವುದು ಈ ಹಂಚಿಕೊಂಡ ಗಿಡಗಳೇ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಇದನ್ನು ಕೇಳಿದಾಗ ನಮ್ಮ ಊರಿನವರು ಯಾರೂ ನಂಬುವುದಿಲ್ಲ. ಇಲ್ಲಿನ ಕಾಡಿಗೆ ಎರೆಹುಳು ಶತ್ರು. ರೈತನ ಮಿತ್ರ ಅಂತ ಶಾಲೆಯಲ್ಲಿ ಓದಿದ ಅದೇ ಎರೆಹುಳು. ಹಿಮಯುಗದಲ್ಲಿ ಈ ಪ್ರದೇಶ ಮಂಜುಗಡ್ಡೆಯ ಕೆಳಗೆ ಇತ್ತು. ಹಾಗಾಗಿ ಮಿನ್ನೆಸೋಟದಲ್ಲಿ ಮೂಲ ಎರೆಹುಳುವೇ ಇಲ್ಲ. ಇರುವುದೆಲ್ಲ ಆಮೇಲೆ ಹೊರಗಿನಿಂದ ಬಂದದ್ದು. ಇಲ್ಲಿನ ಕಾಡು ಎರೆಹುಳು ಇಲ್ಲದೆಯೇ ಬೆಳೆದದ್ದು, ತರಗೆಲೆಯ ದಪ್ಪ ಹಾಸಿನ ಮೇಲೆ. ಈಗ ಏಷ್ಯಾದಿಂದ ಬಂದ ಜಂಪಿಂಗ್ ವರ್ಮ್ ಅನ್ನುವ ಹುಳು ಆ ಹಾಸನ್ನು ತಿಂದು, ಮೇಲ್ಮಣ್ಣನ್ನು ಕಾಫಿ ಚರಟದ ಹಾಗೆ ಉದುರು ಮಾಡುತ್ತದೆ. ಮುಟ್ಟಿದರೆ ಹಾವಿನಂತೆ ಹೊರಳಾಡುತ್ತದೆ. ದೊಡ್ಡ ಹುಳುಗಳು ಚಳಿಗೆ ಸಾಯುತ್ತವೆ, ಆದರೆ ಸಾಸಿವೆಗಿಂತ ದೊಡ್ಡದಲ್ಲದ ಅವುಗಳ ಮೊಟ್ಟೆಕೋಶ ಮಣ್ಣಿನಲ್ಲಿ ಬದುಕಿ ಉಳಿಯುತ್ತದೆ. ಒಂದು ಹೋಸ್ಟಾ ಬುಡದ ಮಣ್ಣಿನ ಜೊತೆ ಅದು ಬೇರೆ ತೋಟಕ್ಕೆ ಹೋದರೆ ಆಮೇಲೆ ತೆಗೆಯುವ ದಾರಿ ಇಲ್ಲ.

ಹಾಗಂತ ಗಿಡ ಹಂಚುವುದನ್ನು ನಿಲ್ಲಿಸಬೇಕಿಲ್ಲ. ಬುಡದ ಮಣ್ಣನ್ನು ಕೊಡುವವರ ಮನೆಯಲ್ಲೇ ಉದುರಿಸಿ, ಬೇರನ್ನು ಬಕೆಟ್ ನೀರಿನಲ್ಲಿ ಜಾಲಾಡಿ, ಬರೀ ಬೇರು ತನ್ನಿ. ಒದ್ದೆ ಪೇಪರ್‌ನಲ್ಲಿ ಸುತ್ತಿದರೆ ಒಂದೆರಡು ದಿನ ಆರಾಮವಾಗಿ ಇರುತ್ತದೆ. ನಮ್ಮ ಕಡೆಯ ವಿನಿಮಯದಲ್ಲಿ ಈಗ ಬರಿಬೇರಿನ ಗಿಡ ಮಾತ್ರ ಅಂತ ನಿಯಮ ಮಾಡಿದ್ದಾರೆ. ಅದು ತುಂಬ ಒಳ್ಳೆಯ ನಿರ್ಧಾರ ಅಂತ ನನಗೆ ಮನಸಾರೆ ಅನ್ನಿಸುತ್ತದೆ. ಹಾಲಿನ ಕ್ಯಾನ್‌ನಲ್ಲಿ ಅಂಗಡಿಯ ಹೊಸ ಮಣ್ಣಿನಲ್ಲಿ ಬೆಳೆದ ಸಸಿಗಳಿಗೆ ಈ ಭಯವೂ ಕಡಿಮೆ. ಹಂಚುವುದಕ್ಕೆ ಅವೇ ಉತ್ತಮ. ಒಂದು ಕ್ಯಾನ್ ಬೀ ಬಾಮ್ ಬಿತ್ತಿದರೆ ಬೀದಿಗೆಲ್ಲ ಹಂಚಬಹುದು.

ಯಾರಾದರೂ ಬಕೆಟ್ ತುಂಬ ಕೊಡುತ್ತೇನೆ ಬನ್ನಿ ಅಂದರೆ, ಅದು ಯಾಕೆ ಅಷ್ಟೊಂದು ಇದೆ ಅಂತ ಒಮ್ಮೆ ಕೇಳಿ. ಬಿಳಿ ಅಂಚಿನ ಎಲೆಯ ಗೌಟ್‌ವೀಡ್, ನೀಲಿ ಗಂಟೆ ಹೂವಿನ ಕ್ರೀಪಿಂಗ್ ಬೆಲ್‌ಫ್ಲವರ್ ಎರಡನ್ನೂ ತೆಗೆದುಕೊಳ್ಳಬೇಡಿ. ನೋಡಲು ಚಂದ. ಬೇರಿನ ಒಂದು ಚೂರು ಉಳಿದರೂ ತೋಟವನ್ನೇ ನುಂಗುತ್ತವೆ. ಹಾಗೆಯೇ ಊರಿಗೆ ಹೋದವರು ಸೂಟ್‌ಕೇಸ್‌ನಲ್ಲಿ ಬೀಜ ತರುವ ಆಸೆ ಇಟ್ಟುಕೊಳ್ಳಬೇಡಿ. ಬಿತ್ತನೆ ಬೀಜಕ್ಕೆ ಭಾರತದ ಕಡೆಯಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ಖರ್ಚಿನ ಲೆಕ್ಕ ಸರಳ. ಎಂಟು ಪ್ಯಾಕೆಟ್ ಬೀಜ, ಎರಡು ಚೀಲ ಪಾಟಿಂಗ್ ಮಣ್ಣು, ಒಂದು ಸುರುಳಿ ಟೇಪ್ ಇದ್ದರೆ ಮನೆ ಮುಂದಿನ ಒಂದು ಪಟ್ಟಿ ತುಂಬುವಷ್ಟು ಸಸಿ ಆಗುತ್ತದೆ. ದೀಪ, ಹೀಟ್ ಮ್ಯಾಟ್, ಟ್ರೇ ಯಾವುದೂ ಬೇಡ. ಹುಲ್ಲುಹಾಸಿನ ಜಾಗದಲ್ಲಿ ಜೇನ್ನೊಣಗಳಿಗೆ ಬೇಕಾದ ಗಿಡ ಹಾಕುವವರಿಗೆ ಖರ್ಚಿನ ಒಂದು ಭಾಗ ವಾಪಸ್ ಕೊಡುವ ‘ಲಾನ್ಸ್ ಟು ಲೆಗ್ಯೂಮ್ಸ್’ ಯೋಜನೆ ರಾಜ್ಯ ಸರ್ಕಾರದ್ದೇ ಇದೆ. ಮಿನ್ನೆಸೋಟದಲ್ಲಿ ಮನೆ ಇರುವವರು ಅರ್ಜಿ ಹಾಕಿ ನೋಡಿ.

ಪ್ರೇರೀ ಮೂನ್ ಬೀಜಕ್ಕೆ ನನ್ನದು ಐದಕ್ಕೆ ಐದು. ಹೊಸಬರು ಮೊದಲ ಆರ್ಡರ್‌ನಲ್ಲಿ ಬೀ ಬಾಮ್, ಅನೈಸ್ ಹಿಸ್ಸಪ್, ಮೆಡೋ ಬ್ಲೇಜಿಂಗ್ ಸ್ಟಾರ್, ಒಂದು ಮಿಲ್ಕ್‌ವೀಡ್ ಹಾಕಿಕೊಳ್ಳಿ. ಮನೆ ಹಿಂದೆ ನೀರು ನಿಲ್ಲುವ ತಗ್ಗು ಇದ್ದರೆ ಕಾರ್ಡಿನಲ್ ಫ್ಲವರ್ ಸೇರಿಸಿ. ನವೆಂಬರ್‌ನಲ್ಲೇ ತರಿಸಿಟ್ಟುಕೊಳ್ಳಿ, ಹಾಲಿನ ಕ್ಯಾನ್‌ಗಳನ್ನು ಈಗಿನಿಂದಲೇ ಬಿಸಾಡಬೇಡಿ. ಇಲ್ಲಿನ ಪ್ಲಿಮತ್ ಊರಿನ ಆಸುಪಾಸಿನವರಿಗೆ ಮೇ ತಿಂಗಳಲ್ಲಿ ಬೀ ಬಾಮ್ ಸಸಿ ನಾನೇ ಕೊಡುತ್ತೇನೆ.