ಬೆಕ್ಕಿನ ಉಸಿರು ಅಳೆಯುವ ಪ್ಲೆತಿಸ್ಮೋಗ್ರಫಿ ಪೆಟ್ಟಿಗೆ: ಒಳ್ಳೆಯದೇ, ಆತುರ ಮಾತ್ರ ಬೇಡ

ಮಾಸ್ಕ್, ಅರಿವಳಿಕೆಯ ಗೋಜಿಲ್ಲದಿರುವುದೇ ಈ ಪಾರದರ್ಶಕ ಪೆಟ್ಟಿಗೆಯ ದೊಡ್ಡ ಗುಣ. ಬೆಕ್ಕು ತನ್ನ ಪಾಡಿಗೆ ಒಳಗೆ ಕೂತಿರುತ್ತದೆ. ಉಸಿರಾಟದಿಂದಾಗುವ ಒತ್ತಡದ ಏರಿಳಿತವನ್ನು ಸೆನ್ಸರ್ ಅಳೆಯುತ್ತದೆ. ಆದರೆ ಗಾಬರಿಯಾದ ಬೆಕ್ಕಿನ ಅಂಕಿಗಳನ್ನು ನಂಬುವಂತಿಲ್ಲ. ಉಸಿರು ವೇಗವಾದರೆ ಪೆನ್ಹ್ (Penh, ಉಸಿರಿನ ಗ್ರಾಫ್‌ನಿಂದ ಶ್ವಾಸನಾಳದ ಬಿಗಿತ ಅಂದಾಜಿಸುವ ಅಂಕಿ) ಮೌಲ್ಯವೂ ಬದಲಾಗುತ್ತದೆ, ಶ್ವಾಸನಾಳ ಬಿಗಿದಿದೆಯೆಂದು ತಪ್ಪಾಗಿ ಓದುವ ಅಪಾಯವಿದೆ. ಮೂಸುವುದು, ಗುರ್‌ಗುರ್ ಎನ್ನುವುದು, ಹೊರಳಾಡುವುದು ಎಲ್ಲವೂ ಗ್ರಾಫ್ ಕೆಡಿಸುತ್ತವೆ. ಆ ಭಾಗಗಳನ್ನು ಕೈಬಿಡಲೇಬೇಕು.

ಕೋಣೆಯ ಬೆಳಕು ತಗ್ಗಿಸಿ, 5–10 ನಿಮಿಷ ಒಗ್ಗಲು ಬಿಟ್ಟು ಆಮೇಲೆ ದಾಖಲಿಸಿ. ಗಾಳಿ ಹರಿಸುವ ಪಂಪ್ ನಿಲ್ಲಬಾರದು: ಇಂಗಾಲದ ಡೈಆಕ್ಸೈಡ್, ಸೆಕೆ ಕೂಡಿಕೊಂಡರೆ ಏದುಸಿರು ಇನ್ನಷ್ಟು ಹೆಚ್ಚುತ್ತದೆ. ಬೆಕ್ಕನ್ನು ಶಾಂತಗೊಳಿಸಲು ಬಳಸುವ ಫೆಲಿವೇ ಸ್ಪ್ರೇ ಹೊಡೆಯುವುದಾದರೆ ಬೆಕ್ಕನ್ನು ತರುವ ಖಾಲಿ ಕ್ಯಾರಿಯರ್‌ಗೆ, 15 ನಿಮಿಷ ಮೊದಲೇ. ಅದರ ಆಲ್ಕೋಹಾಲ್ ಆರಬೇಕು. ಬಾಯಿ ತೆರೆದು ಉಸಿರಾಡತೊಡಗಿದರೆ ತಕ್ಷಣ ಮುಚ್ಚಳ ತೆಗೆದು ಆಕ್ಸಿಜನ್ ಕೊಡಿ, ಪರೀಕ್ಷೆ ಇನ್ನೊಂದು ದಿನ ಆಗಲಿ.