ತೊಗರಿ ಕೋಣೆಯ ಬಚ್ಚಲಿಗೆ 6 ಇಂಚಿನ ಎಕ್ಸಾಸ್ಟ್ ಫ್ಯಾನ್: ಒಂದು ವರ್ಷ ಬಳಸಿದ ಮೇಲೆ

ಕಲಬುರಗಿಯಲ್ಲಿ ಕೂತು ತೇವದ ಬಗ್ಗೆ ದೂರುತ್ತಿದ್ದೇನೆ ಅಂತ ನಗಬೇಡಿ. ಮೇ ತಿಂಗಳಲ್ಲಿ 42 ಡಿಗ್ರಿ ನೋಡುವ ಊರು ಇದು, ನಿಜ. ಆದರೆ ಡಿಸೆಂಬರ್ ಬೆಳಗ್ಗೆ ನಮ್ಮ ಹೊಸ ಬಚ್ಚಲಲ್ಲಿ ಸ್ನಾನಕ್ಕೆ ಕೂತರೆ ಮೇಲಿನಿಂದ ಕುತ್ತಿಗೆಗೆ ತಣ್ಣನೆ ಹನಿ ಬೀಳುತ್ತಿತ್ತು.

ಹೊಸದು ಅಂದರೆ, ಮೊದಲು ಅದು ತೊಗರಿ ಚೀಲ ಇಡುವ ಕೋಣೆ. ಅತ್ತೆಗೆ ಮಂಡಿನೋವು, ಹಿತ್ತಲ ಬಚ್ಚಲಿಗೆ ಹೋಗಲು ಆಗುವುದಿಲ್ಲ. ಹಾಗಾಗಿ ಅಲ್ಲೇ ನಲ್ಲಿ, ಗೀಸರ್ ಹಾಕಿಸಿದೆವು. ಗೋಡೆಯೂ ಶಹಾಬಾದ್ ಕಲ್ಲು, ಮಾಳಿಗೆಯೂ ಅದೇ ಕಲ್ಲಿನ ಚಪ್ಪಡಿ, ನಮ್ಮ ಕಡೆ ಪರ್ಸಿ ಅಂತಾರೆ. ಕಿಟಕಿ ಇಲ್ಲ. ರಾತ್ರಿಯೆಲ್ಲ ತಣ್ಣಗಾದ ಕಲ್ಲಿಗೆ ಬಿಸಿನೀರಿನ ಹಬೆ ತಾಗಿದರೆ ಬೆವರದೆ ಇರುತ್ತದಾ? ಎರಡೇ ತಿಂಗಳಲ್ಲಿ ಮೂಲೆಗಳಿಗೆ ಕಪ್ಪು ಬೂಷ್ಟು ಹತ್ತಿತು. ಪೇಂಟರ್ ಮಾತು ಕೇಳಿ ವಾಟರ್‌ಪ್ರೂಫ್ ಪೇಂಟ್ ಬಳಿಸಿದ್ದು ದಂಡ. ಹಪ್ಪಳದ ಹಾಗೆ ಉಬ್ಬಿ ಬಂತು.

ಆಮೇಲೆ ಸೂಪರ್ ಮಾರ್ಕೆಟ್‌ಗೆ ಹೋಗಿ ಈ ಫ್ಯಾನ್ ತಂದೆವು. ಪ್ಲಾಸ್ಟಿಕ್ ಮೈ, 40 ವ್ಯಾಟ್, ಫ್ಯಾನ್ ನಿಂತರೆ ತಾನೇ ಮುಚ್ಚಿಕೊಳ್ಳುವ ಪಟ್ಟಿಗಳು. ಹೊರಗಿನ ಗೋಡೆ ಕೊರೆದು ಮಾಳಿಗೆ ಹತ್ತಿರ ಕೂರಿಸಿದ ಹುಡುಗ, "ಎಲ್ಲ ಸರಿ ಹೋಗ್ತದ ಬಿಡ್ರಿ ಅಕ್ಕಾ" ಅಂದ. ಹೋಗಲಿಲ್ಲ. ಒಂದು ವಾರ ಬರೀ ಸದ್ದು, ಹನಿ ಮಾತ್ರ ಹಾಗೇ. ಒಂದಿನ ಸಿಟ್ಟು ಬಂದು ಪೇಪರ್ ಚೂರೊಂದನ್ನು ಫ್ಯಾನಿನ ಜಾಲರಿಗೆ ಹಿಡಿದೆ. ಬಾಗಿಲು ಮುಚ್ಚಿದ್ದಾಗ ಜಾರಿ ಬಿತ್ತು. ಬಾಗಿಲು ಬೆರಳಷ್ಟು ತೆರೆದೆ, ಟಪ್ ಅಂತ ಅಂಟಿಕೊಂಡಿತು. ಒಳಗೆ ಗಾಳಿ ಬರಲು ದಾರಿಯೇ ಇಲ್ಲದೆ ಫ್ಯಾನ್ ಏನನ್ನು ಹೊರಗೆ ತಳ್ಳಬೇಕು? ಬಡಿಗನನ್ನು ಕರೆಸಿ ಬಾಗಿಲ ಅಡಿಯಲ್ಲಿ ಅರ್ಧ ಇಂಚು ಕೊಯ್ಯಿಸಿದೆವು. ಮರುದಿನದಿಂದ ಹನಿ ನಿಂತಿತು.

ಸ್ನಾನ ಆದ ಮೇಲೂ 20 ನಿಮಿಷ ಓಡಿಸುತ್ತೇವೆ. ದಿನಕ್ಕೆ ಒಂದು ಗಂಟೆ ಅಂದರೂ ತಿಂಗಳಿಗೆ 1.2 ಯೂನಿಟ್, ಅಷ್ಟೇ. ಒರೆಸಿದ ಬೂಷ್ಟು ಮತ್ತೆ ಬಂದಿಲ್ಲ, ನಲ್ಲಿ ಕೆಳಗಿನ ಮೂಲೆ ಒಂದನ್ನು ಬಿಟ್ಟು.

ಆ ಮೂಲೆಗೆ ನಾನು ಫ್ಯಾನನ್ನು ಬೈಯುವುದಿಲ್ಲ. ಹಾಲಿನ ಪ್ಯಾಕೆಟ್ ತೊಳೆದು, ಕತ್ತರಿಸಿ, ಆ ಮೂಲೆಯ ಗೋಡೆಗೊಂದು, ಅದಕ್ಕಿಂತ ಮೇಲೆ ಗೋಡೆಗೇ ಇನ್ನೊಂದು ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಟ್ಟೆ. ಮೇಲಿನದರ ಹೊರಮೈಗೆ ಮಾತ್ರ ಹನಿ, ಅದು ಹಬೆಯದು. ಕೆಳಗಿನದನ್ನು ಕಿತ್ತರೆ ಗೋಡೆ ಕಡೆಯ ಮೈಯೇ ಒದ್ದೆ. ಗೋಡೆಯೊಳಗಿನ ಪೈಪ್ ಜಿನುಗುತ್ತಿದೆ. ಅದು ಪ್ಲಂಬರ್ ಕೆಲಸ, ಗೋಡೆ ಒಡೆಯಬೇಕು, ಬೇಸಿಗೆಗೆ ಇಟ್ಟುಕೊಂಡಿದ್ದೇವೆ.

ಕೊರತೆ ಇಲ್ಲ ಅಂತಲ್ಲ. ಬೇಸಿಗೆಯ ಧೂಳು ಕೂತು ಪಟ್ಟಿಗಳು ಪೂರ್ತಿ ಮುಚ್ಚುವುದಿಲ್ಲ, ತಿಂಗಳಿಗೊಮ್ಮೆ ಸ್ಟೂಲ್ ಹತ್ತಿ ಒರೆಸಬೇಕು. ಸದ್ದಂತೂ ಜಾಸ್ತಿ. ಬೆಳಗ್ಗೆ ಐದಕ್ಕೆ ಸ್ವಿಚ್ ಹಾಕಿದರೆ ಅತ್ತೆ ಒಳಗಿನಿಂದ, "ಗಿರಣಿ ಶುರು ಆತೇನು?" ಅಂತಾರೆ. ಐದಕ್ಕೆ ನಾಲ್ಕು ಸ್ಟಾರ್.